ಇಲಿಯ ರಕ್ತದಲ್ಲಿ ಇಳಿದ ಸಕ್ಕರೆ ಮನುಷ್ಯನಲ್ಲಿಯೂ ಇಳಿಯುವುದೇ?

ಗೋಕಾಕ: ಘಟಪ್ರಭೆಯ ನೀರಿನಿಂದ ಕಬ್ಬು, ಕಬ್ಬಿನಿಂದ ಬೆಲ್ಲ ಹಾಗೂ ಸಕ್ಕರೆ, ಬೆಲ್ಲದಿಂದ ಕರದಂಟು. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಬದುಕಿನ ಬಹುಭಾಗ ಸಿಹಿಯ ಸುತ್ತಲೇ ಹೆಣೆದುಕೊಂಡಿದೆ. ಹಿಡಕಲ್ ಜಲಾಶಯದ ಕಾಲುವೆ ಹರಿದಲ್ಲೆಲ್ಲ ಕಬ್ಬಿನ ಹಸಿರು ಕಾಣುತ್ತದೆ. ಅದೇ ಊರುಗಳ ಔಷಧ ಅಂಗಡಿಗಳಲ್ಲಿ ಇಂದು ಹೆಚ್ಚು ಕೇಳಿಬರುವ ಮಾತು "ಶುಗರ್ ಗುಳಿಗೆ ಕೊಡ್ರಿ" ಎಂಬುದಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ.

ರೋಗ ಇರುವಲ್ಲಿ ಮದ್ದಿನ ಮಾತೂ ಇರುತ್ತದೆ. ಸಂತೆಯಲ್ಲಿ ಹರಡಿಟ್ಟ ಮಧುನಾಶಿನಿ ಎಲೆಯ ಪುಡಿ, ನೇರಳೆ ಬೀಜದ ಪುಡಿ, ಹೊನ್ನೆ ಮರದ ಲೋಟ ಇವೆಲ್ಲ ನಮಗೆ ಪರಿಚಿತ. ಇತ್ತೀಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಒಂದು ಹೊಸ ವಾಕ್ಯ ಸೇರಿಕೊಂಡಿದೆ: "ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಪರೀಕ್ಷಿಸಿ ಸಿದ್ಧಪಟ್ಟಿದೆ." ಮೊಬೈಲ್ ಫೋನಿನಲ್ಲಿ ಬರುವ ಸಂದೇಶಗಳಲ್ಲಿಯೂ ಪೊಟ್ಟಣದ ಮೇಲಿನ ಚೀಟಿಯಲ್ಲಿಯೂ ಇದೇ ಮಾತು. ಮಾತು ಸುಳ್ಳೆಂದು ಹೇಳುವಂತಿಲ್ಲ, ಏಕೆಂದರೆ ಪ್ರಯೋಗ ನಿಜವಾಗಿಯೂ ನಡೆದಿರಬಹುದು. ಆದರೆ ಇಲಿಯಲ್ಲಿ ಏನನ್ನು ಅಳೆದರು, ಯಾವ ಇಲಿಯಲ್ಲಿ ಅಳೆದರು, ಅಳತೆಯಿಂದ ಏನು ಸಿದ್ಧವಾಯಿತು ಎಂಬುದನ್ನು ಚೀಟಿ ಹೇಳುವುದಿಲ್ಲ. ಈ ವಾಕ್ಯವನ್ನು ನಂಬಿ ಇನ್ಸುಲಿನ್ ಬಿಟ್ಟವರ ಪಾಲಿಗೆ ಇದು ಪ್ರಾಣದ ಪ್ರಶ್ನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ನಾಯಿಯಿಂದ ಬಾಲಕನವರೆಗೆ

ಪ್ರಾಣಿಗಳಿಲ್ಲದೆ ಮಧುಮೇಹದ ಚಿಕಿತ್ಸೆಯೇ ಇರುತ್ತಿರಲಿಲ್ಲ ಎಂಬುದನ್ನು ಮೊದಲಿಗೆ ಒಪ್ಪಿಕೊಳ್ಳಬೇಕು. 1889ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ಶಸ್ತ್ರಕ್ರಿಯೆಯಿಂದ ತೆಗೆದರು. ಅವರು ತಿಳಿಯಬಯಸಿದ್ದು ಜೀರ್ಣಕ್ರಿಯೆಯ ವಿಷಯ. ಆದರೆ ನಾಯಿ ಪದೇಪದೇ ಮೂತ್ರ ಮಾಡತೊಡಗಿತು, ಮೂತ್ರದಲ್ಲಿ ಸಕ್ಕರೆ ತುಂಬಿತ್ತು. ಸಿಹಿಮೂತ್ರ ರೋಗದ ಬೇರು ಈ ಗ್ರಂಥಿಯಲ್ಲಿದೆ ಎಂಬುದು ಅಂದು ಸ್ಪಷ್ಟವಾಯಿತು.

ಮೂವತ್ತೆರಡು ವರ್ಷಗಳ ತರುವಾಯ, 1921ರಲ್ಲಿ, ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಗ್ರಂಥಿ ತೆಗೆದ ನಾಯಿಗಳಿಗೆ ಗ್ರಂಥಿಯ ಸಾರವನ್ನೇ ಚುಚ್ಚಿ ರಕ್ತದ ಸಕ್ಕರೆಯನ್ನು ಇಳಿಸಿದರು. ಮಾರ್ಜರಿ ಎಂದು ಹೆಸರಾದ ಒಂದು ನಾಯಿ ಹೀಗೆ ಸುಮಾರು 70 ದಿನ ಬದುಕಿತು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಇದು ಬಹುತೇಕ ವಿಫಲವಾಯಿತು. ನಾಯಿಯಲ್ಲಿ ನಡೆದದ್ದು ಬಾಲಕನಲ್ಲಿ ಹಾಗೆಯೇ ನಡೆಯಲಿಲ್ಲ, ಸಾರ ಅಶುದ್ಧವಾಗಿದ್ದು ಚುಚ್ಚಿದ ಜಾಗ ಕೀವುಗಟ್ಟಿತು. ಜೇಮ್ಸ್ ಕಾಲಿಪ್ ಎಂಬ ರಸಾಯನ ತಜ್ಞರು ಹಗಲಿರುಳು ದುಡಿದು ಶುದ್ಧಗೊಳಿಸಿದ ಸಾರವನ್ನು ಜನವರಿ 23ರಂದು ಕೊಟ್ಟಾಗ ರಕ್ತದ ಸಕ್ಕರೆ ಒಂದೇ ದಿನದಲ್ಲಿ 520ರಿಂದ 120ಕ್ಕೆ ಇಳಿಯಿತು. ಬಾಲಕ ಇನ್ನೂ 13 ವರ್ಷ ಬದುಕಿದ.

ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಇಂದು ನಾವು "ಬೆಳಿಗ್ಗೆ 20 ಯೂನಿಟ್, ರಾತ್ರಿ 10 ಯೂನಿಟ್" ಎನ್ನುವ ಯೂನಿಟ್ ಎಂಬ ಅಳತೆ ಮೊದಲು ಹುಟ್ಟಿದ್ದು ಮೊಲದಿಂದ. ಉಪವಾಸ ಕೆಡವಿದ ಎರಡು ಕಿಲೋ ತೂಕದ ಮೊಲದ ರಕ್ತದ ಸಕ್ಕರೆಯನ್ನು ಸೆಳೆತ ಬರುವ ಮಟ್ಟಕ್ಕೆ, ಅಂದರೆ ಸುಮಾರು 45 ಮಿಲಿಗ್ರಾಂಗೆ, ಇಳಿಸಲು ಬೇಕಾದ ಪ್ರಮಾಣವನ್ನೇ ಆರಂಭದಲ್ಲಿ ಒಂದು ಯೂನಿಟ್ ಎಂದು ಎಣಿಸಲಾಗಿತ್ತು. ಮನುಷ್ಯನಿಗೆ ಅದು ಹೆಚ್ಚಾಯಿತೆಂದು ಕಂಡುಬಂದು ಅಳತೆಯನ್ನು ಅನಂತರ ಬದಲಿಸಬೇಕಾಯಿತು.

ಇಲಿಗೆ ಮಧುಮೇಹ ಬರಿಸುವ ಬಗೆ

ಗ್ರಂಥಿಯನ್ನು ಕತ್ತರಿಸಿ ತೆಗೆಯುವ ವಿಧಾನ ಇಂದು ವಿರಳ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಎರಡು ರಾಸಾಯನಿಕಗಳು. ಒಂದು ಅಲಾಕ್ಸಾನ್. ಇದು ಮೇದೋಜೀರಕದ ಬೀಟಾ ಕೋಶಗಳನ್ನು ಆರಿಸಿ ಕೊಲ್ಲುತ್ತದೆಂಬುದು 1943ರಲ್ಲಿ ಗ್ಲಾಸ್ಗೋದಲ್ಲಿ ಮೊಲಗಳ ಮೇಲಿನ ಪ್ರಯೋಗದಿಂದ ಗೊತ್ತಾಯಿತು. ಇನ್ನೊಂದು ಸ್ಟ್ರೆಪ್ಟೊಜೊಟೊಸಿನ್. ಇದು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಪ್ರತಿಜೀವಕ. ಇದನ್ನು ಚುಚ್ಚಿದ ಇಲಿ ಮತ್ತು ನಾಯಿಗಳಿಗೆ ಮಧುಮೇಹ ಬರುತ್ತದೆಂಬುದು 1963ರಲ್ಲಿ ವರದಿಯಾಯಿತು. ರಚನೆಯಲ್ಲಿ ಇದು ಸಕ್ಕರೆಯನ್ನು ಹೋಲುತ್ತದೆ. ಆದ್ದರಿಂದ ಬೀಟಾ ಕೋಶ ಇದನ್ನು ಸಕ್ಕರೆಯೆಂದೇ ಭಾವಿಸಿ ಬಾಗಿಲು ತೆರೆಯುತ್ತದೆ. ಒಳಹೊಕ್ಕ ವಿಷ ಕೋಶದ ವಂಶದ್ರವ್ಯವನ್ನೇ ಕೆಡಿಸುತ್ತದೆ.

ವಿಸ್ಟಾರ್ ಎಂಬ ಬಿಳಿ ತಳಿಯ ಗಂಡು ಇಲಿಗೆ ದೇಹತೂಕದ ಪ್ರತಿ ಕಿಲೋಗೆ 40ರಿಂದ 65 ಮಿಲಿಗ್ರಾಂ ಸ್ಟ್ರೆಪ್ಟೊಜೊಟೊಸಿನ್ ಅನ್ನು ತುಸು ಹುಳಿಯಾದ ದ್ರಾವಣದಲ್ಲಿ ಕರಗಿಸಿ ಚುಚ್ಚುತ್ತಾರೆ. ಗಂಡನ್ನೇ ಏಕೆ ಆರಿಸುತ್ತಾರೆಂದರೆ ಹೆಣ್ಣು ಇಲಿ ಈ ವಿಷಕ್ಕೆ ಅಷ್ಟು ಬೇಗ ಮಣಿಯುವುದಿಲ್ಲ. ಸಾಯುವ ಬೀಟಾ ಕೋಶಗಳು ಒಡೆದು ಒಳಗಿದ್ದ ಇನ್ಸುಲಿನ್ ಎಲ್ಲ ಒಮ್ಮೆಲೇ ರಕ್ತಕ್ಕೆ ಸುರಿಯುವುದರಿಂದ ಮೊದಲ ದಿನ ಸಕ್ಕರೆ ತೀರ ಕೆಳಗಿಳಿದು ಇಲಿ ಸತ್ತುಹೋಗುವ ಸಂಭವವೂ ಉಂಟು. ಅದಕ್ಕಾಗಿ ಕುಡಿಯುವ ನೀರಿಗೆ ಗ್ಲೂಕೋಸ್ ಬೆರೆಸುತ್ತಾರೆ. ಮೂರು ದಿನ ಕಳೆದ ಮೇಲೆ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದಾಗ ಸಕ್ಕರೆ 250 ಮಿಲಿಗ್ರಾಂ ದಾಟಿದ್ದರೆ ಆ ಇಲಿಯನ್ನು "ಮಧುಮೇಹಿ" ಎಂದು ಪ್ರಯೋಗಕ್ಕೆ ಸೇರಿಸಿಕೊಳ್ಳುವುದು ವಾಡಿಕೆ. ಆರೋಗ್ಯವಂತ ಇಲಿಯಲ್ಲಿ ಇದು ಸುಮಾರು 80ರಿಂದ 110 ಇರುತ್ತದೆ.

ಇಲ್ಲಿ ಒಂದು ಮುಖ್ಯ ವಿಷಯವನ್ನು ಓದುಗರು ಗಮನಿಸಬೇಕು. ಹೀಗೆ ರೋಗ ಬರಿಸಿದ ಇಲಿಯಲ್ಲಿ ಇನ್ಸುಲಿನ್ ಉತ್ಪತ್ತಿಯೇ ಕುಸಿದಿರುತ್ತದೆ. ಅದು ಬಡಕಲಾಗುತ್ತದೆ, ಬಹಳ ನೀರು ಕುಡಿಯುತ್ತದೆ. ಈ ಚಿತ್ರ ಮಕ್ಕಳಲ್ಲಿ ಕಂಡುಬರುವ ಒಂದನೇ ವಿಧದ ಮಧುಮೇಹಕ್ಕೆ ಹತ್ತಿರವಾದುದು. ಗೋಕಾಕದ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ದಿನವಿಡೀ ಕುಳಿತಿರುವ, ಹೊಟ್ಟೆ ಬೆಳೆದ ಐವತ್ತು ವರ್ಷದವರಿಗೆ ಬರುವುದು ಎರಡನೇ ವಿಧದ್ದು. ಅವರಲ್ಲಿ ಇನ್ಸುಲಿನ್ ಇರುತ್ತದೆ, ಕೆಲವೊಮ್ಮೆ ಮೊದಲ ವರ್ಷಗಳಲ್ಲಿ ಹೆಚ್ಚಾಗಿಯೇ ಇರುತ್ತದೆ. ಆದರೆ ದೇಹ ಅದರ ಮಾತನ್ನು ಕೇಳುವುದಿಲ್ಲ. ಎರಡೂ ರೋಗಗಳ ಹೆಸರು ಒಂದೇ, ಹುಟ್ಟು ಬೇರೆ. ಆದರೂ ಒಂದನೇ ವಿಧವನ್ನು ಹೋಲುವ ಇಲಿಯಲ್ಲಿ ಪರೀಕ್ಷಿಸಿದ ಪುಡಿಯನ್ನು ಎರಡನೇ ವಿಧದ ರೋಗಿಗೆ ಮಾರುವುದು ಸಾಮಾನ್ಯವಾಗಿಬಿಟ್ಟಿದೆ.

ಈ ಕೊರತೆಯನ್ನು ತುಂಬಲು ನಮ್ಮ ದೇಶದಲ್ಲೇ ನಡೆದ ಒಂದು ಕೆಲಸ ಜಗತ್ತಿನ ಗಮನ ಸೆಳೆದಿದೆ. ಪಂಜಾಬಿನ ಮೊಹಾಲಿಯಲ್ಲಿರುವ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಕೆ. ಶ್ರೀನಿವಾಸನ್, ಪಿ. ರಾಮರಾವ್ ಮತ್ತು ಸಂಗಡಿಗರು 2005ರಲ್ಲಿ ಇಲಿಗಳಿಗೆ ಎರಡು ವಾರ ಕೊಬ್ಬು ತುಂಬಿದ ಆಹಾರ ತಿನ್ನಿಸಿದರು. ಇದರಿಂದ ಅವುಗಳ ದೇಹ ಇನ್ಸುಲಿನ್‌ಗೆ ಮಣಿಯದಂತಾಯಿತು. ಆಮೇಲೆ ಕಿಲೋಗೆ 35 ಮಿಲಿಗ್ರಾಂನಷ್ಟು ಕಡಿಮೆ ಸ್ಟ್ರೆಪ್ಟೊಜೊಟೊಸಿನ್ ಕೊಟ್ಟರು. ಮಾಮೂಲು ಆಹಾರ ತಿಂದ ಇಲಿಗೆ ಅಷ್ಟು ಪ್ರಮಾಣದಿಂದ ಏನೂ ಆಗುವುದಿಲ್ಲ. ಕೊಬ್ಬು ತಿಂದ ಇಲಿಗೆ ಮಾತ್ರ ಸಕ್ಕರೆ ಏರಿತು. ಹೀಗೆ ಸಿದ್ಧವಾದ ಇಲಿಗಳ ಮೇಲೆ ಅವರು ದೇಹವನ್ನು ಇನ್ಸುಲಿನ್‌ಗೆ ಮಣಿಸುವ ಪಯೋಗ್ಲಿಟಜೋನ್, ಇನ್ಸುಲಿನ್ ಹೊರಡಿಸುವ ಗ್ಲಿಪಿಜೈಡ್ ಎಂಬ ಎರಡು ಬಗೆಯ ಔಷಧಗಳನ್ನು ಪರೀಕ್ಷಿಸಿ, ಎರಡಕ್ಕೂ ಇಲಿಗಳು ಸ್ಪಂದಿಸುತ್ತವೆಂದು ತೋರಿಸಿದರು. ಕರದಂಟು ತಿಂದು ಕುಳಿತವರ ರೋಗಕ್ಕೆ ಈ ಇಲಿ ಎಷ್ಟೋ ಸಮೀಪದ ನೆಂಟ ಎನ್ನಬಹುದು. ದುಬಾರಿಯಾದ ತಳಿಗಳನ್ನು ಕೊಳ್ಳಲಾಗದ ನಮ್ಮ ಕಾಲೇಜುಗಳಿಗೂ ಇದು ಎಟುಕುವಂಥದು.

ರಕ್ತ ಹೇಳುವ ಕಥೆ

ಪ್ರಯೋಗದ ಚೌಕಟ್ಟು ಬಹುತೇಕ ಎಲ್ಲೆಡೆ ಒಂದೇ ಆಗಿರುತ್ತದೆ. ಆರಾರು ಇಲಿಗಳ ಐದು ಗುಂಪುಗಳು: ಆರೋಗ್ಯವಂತ ಇಲಿಗಳದೊಂದು, ರೋಗವಿದ್ದೂ ಔಷಧವಿಲ್ಲದ್ದು ಇನ್ನೊಂದು, ಗ್ಲಿಬೆನ್‌ಕ್ಲಮೈಡ್‌ನಂತಹ ಪರಿಚಿತ ಗುಳಿಗೆ ಪಡೆದದ್ದು ಮತ್ತೊಂದು, ಉಳಿದೆರಡಕ್ಕೆ ಪರೀಕ್ಷಿಸಬೇಕಾದ ಸಾರ ಕಡಿಮೆ ಮತ್ತು ಹೆಚ್ಚು ಪ್ರಮಾಣದಲ್ಲಿ. ಮೂರು ಅಥವಾ ನಾಲ್ಕು ವಾರ ವಾರಕ್ಕೊಮ್ಮೆ ರಕ್ತ ತೆಗೆಯುತ್ತಾರೆ. ಇನ್ನೂರು ಗ್ರಾಂ ತೂಕದ ಇಲಿಯ ಮೈಯಲ್ಲಿ ಇರುವುದೇ 12-13 ಮಿಲಿಲೀಟರ್ ರಕ್ತ, ಅಂದರೆ ಎರಡೂವರೆ ಚಮಚೆಯಷ್ಟು. ಅದರಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಒಮ್ಮೆಗೆ ತೆಗೆಯುವಂತಿಲ್ಲ. ಆದ್ದರಿಂದ ವಾರವಾರದ ಪರೀಕ್ಷೆ ಬಹುಶಃ ಸಕ್ಕರೆಗಷ್ಟೇ ಸೀಮಿತ, ಮಿಕ್ಕ ಪರೀಕ್ಷೆಗಳೆಲ್ಲ ಕೊನೆಯ ದಿನಕ್ಕೆ.

ಆ ಒಂದು ಹನಿ ಸಕ್ಕರೆಯ ಅಂಕಿಯೂ ಎಷ್ಟು ಚಂಚಲವೆಂದರೆ, ಇಲಿಯನ್ನು ಒರಟಾಗಿ ಹಿಡಿದರೂ ಅದು ಏರುತ್ತದೆ. ಕೆಲವು ಅರಿವಳಿಕೆಗಳಿಂದಲೂ ಏರುತ್ತದೆ. ಇಲಿ ರಾತ್ರಿ ತಿನ್ನುವ ಪ್ರಾಣಿ. ರಾತ್ರಿಯಿಡೀ ಉಪವಾಸ ಕೆಡವುವುದು ನಮ್ಮ ಪಾಲಿನ ರಾತ್ರಿ ಉಪವಾಸಕ್ಕೆ ಸಮನಲ್ಲ, ಅದು ಹಗಲು-ರಾತ್ರಿ ಹಸಿದಿದ್ದಂತೆ. ಇನ್ನೊಂದು ಸಂಗತಿ ಪ್ರಬಂಧಗಳನ್ನು ಓದುವಾಗ ಮೊದಲು ಹುಡುಕಬೇಕಾದದ್ದು: ಸಾರ ಕುಡಿದ ಇಲಿ ಎಷ್ಟು ಆಹಾರ ತಿಂದಿತು? ಕಹಿ ಸಾರ ಕುಡಿದು ಹೊಟ್ಟೆ ಕೆಟ್ಟು ಊಟ ಬಿಟ್ಟ ಇಲಿಯ ಸಕ್ಕರೆಯೂ ಇಳಿಯುತ್ತದೆ. ಸಕ್ಕರೆ ಇಳಿದು ತೂಕವೂ ಕೂಡಿದ್ದರೆ ಔಷಧದ ಗುಣವೆನ್ನಬಹುದು. ಸಕ್ಕರೆಯ ಜೊತೆಗೆ ತೂಕವೂ ಇಳಿದಿದ್ದರೆ ಅನುಮಾನಿಸಬೇಕು.

ಒಂದು ಹೊತ್ತಿನ ಸಕ್ಕರೆಗಿಂತ ಹೆಚ್ಚು ಭರವಸೆಯ ಗುರುತು ಎಚ್‌ಬಿಎ1ಸಿ. ರಕ್ತದ ಸಕ್ಕರೆ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್‌ಗೆ ಮೆಲ್ಲಗೆ ಅಂಟಿಕೊಳ್ಳುತ್ತದೆ. ಕಣ ಬದುಕಿರುವಷ್ಟು ಕಾಲ ಅಂಟು ಬಿಡುವುದಿಲ್ಲ. ಮಧುಮೇಹಿಗಳ ಹಿಮೋಗ್ಲೋಬಿನ್‌ನಲ್ಲಿ ಏನೋ ಭೇದವಿದೆಯೆಂದು 1968ರಲ್ಲಿ ಗುರುತಿಸಿದವರು ಇರಾನಿನ ಸ್ಯಾಮ್ಯುಯೆಲ್ ರಾಹ್ಬರ್. ಈ ಅಂಟು ಹೇಗೆ ಕಣದ ಆಯುಷ್ಯದುದ್ದಕ್ಕೂ ಕೂಡುತ್ತ ಹೋಗುತ್ತದೆಂಬುದನ್ನು 1975ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ರೊನಾಲ್ಡ್ ಕೋನಿಗ್ ಮತ್ತು ಆಂಥೊನಿ ಸೆರಾಮಿ ಮಧುಮೇಹವಿದ್ದ ಚಿಟ್ಟಿಲಿಗಳಲ್ಲಿ ಅಧ್ಯಯನ ಮಾಡಿದರು. ಮರುವರ್ಷವೇ ಅದು ರೋಗಿಗಳ ಪರೀಕ್ಷೆಯಾಯಿತು. ಇಂದು ನಮ್ಮ ವೈದ್ಯರು "ಮೂರು ತಿಂಗಳ ಸಕ್ಕರೆ" ಎಂದು ಬರೆದುಕೊಡುವ ಪರೀಕ್ಷೆಗೆ ಪ್ರಾಣಿಗಳ ಋಣವೂ ಇದೆ.

ಆದರೆ ಮನುಷ್ಯನ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ, ದೊಡ್ಡ ಇಲಿಯದು 60 ದಿನ, ಚಿಟ್ಟಿಲಿಯದು 40 ದಿನ. ಆದ್ದರಿಂದ ಇಲಿಯ ಎಚ್‌ಬಿಎ1ಸಿ ಅಂಕಿಯನ್ನು ನಮ್ಮ 6.5 ಎಂಬ ಗೆರೆಯೊಂದಿಗೆ ಹೋಲಿಸುವುದು ಅರ್ಥವಿಲ್ಲದ್ದು. (ಪ್ರಾಸಂಗಿಕವಾಗಿ ಒಂದು ಮಾತು: ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಮನುಷ್ಯರಲ್ಲಿಯೂ ಈ ಅಂಕಿ ನಿಜಕ್ಕಿಂತ ಮೇಲೆ ತೋರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ವ್ಯಾಪಕವಾಗಿರುವುದರಿಂದ ಇದನ್ನು ವೈದ್ಯರಿಗೆ ನೆನಪಿಸುವುದು ಒಳ್ಳೆಯದು.)

ಕೊನೆಯ ದಿನದ ರಕ್ತದಲ್ಲಿ ಇನ್ಸುಲಿನ್, ಕೊಬ್ಬಿನಂಶಗಳು, ಯಕೃತ್ತಿನ ಎಸ್‌ಜಿಪಿಟಿ ಮತ್ತು ಎಸ್‌ಜಿಒಟಿ, ಮೂತ್ರಪಿಂಡದ ಯೂರಿಯಾ ಮತ್ತು ಕ್ರಿಯಾಟಿನಿನ್ ಇವನ್ನು ನೋಡುತ್ತಾರೆ. "ನಮ್ಮ ಪುಡಿ ಸಕ್ಕರೆಯನ್ನಷ್ಟೇ ಅಲ್ಲ, ಕಿಡ್ನಿ-ಲಿವರ್‌ಗಳನ್ನೂ ಕಾಪಾಡುತ್ತದೆ" ಎಂಬ ಹೇಳಿಕೆ ಹುಟ್ಟುವುದು ಇಲ್ಲಿಂದ. ಆದರೆ ಸ್ಟ್ರೆಪ್ಟೊಜೊಟೊಸಿನ್ ಸ್ವತಃ ಯಕೃತ್ತು ಹಾಗೂ ಮೂತ್ರಪಿಂಡಕ್ಕೆ ವಿಷ. ಏರಿದ ಕ್ರಿಯಾಟಿನಿನ್ ಮಧುಮೇಹದ್ದೋ, ವಿಷದ್ದೋ? ನಾಲ್ಕು ವಾರದ ಪ್ರಯೋಗದಿಂದ ಅದನ್ನು ಬಿಡಿಸಿ ಹೇಳುವುದು ಕಷ್ಟ. ಮನುಷ್ಯನ ಮೂತ್ರಪಿಂಡ ಕೆಡಲು ಹಿಡಿಯುವುದು ಹತ್ತಾರು ವರ್ಷ.

ಹೊನ್ನೆ ಮರದ ಪಾಠ

ಈ ಎಲ್ಲ ತೊಡಕುಗಳಿಗೆ ನಿಜವಾದ ಉದಾಹರಣೆ ನಮ್ಮ ಮನೆಯ ಹೊನ್ನೆ ಮರವೇ ಆಗಿದೆ. ಪಶ್ಚಿಮ ಘಟ್ಟದ ಸೆರಗಿನ ಕಾಡುಗಳಲ್ಲಿ ಬೆಳೆಯುವ ಇದನ್ನು ಆಯುರ್ವೇದದಲ್ಲಿ ವಿಜಯಸಾರ, ಬೀಜಕ ಎನ್ನುತ್ತಾರೆ. ಇದರ ಮರದ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗಾಗುವುದರೊಳಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಮಧುಮೇಹಕ್ಕೆ ಆ ನೀರು ಕುಡಿಯುವ ರೂಢಿ ಹಳೆಯದು.

1981ರಲ್ಲಿ ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಬಿ.ಕೆ. ಚಕ್ರವರ್ತಿ ಮತ್ತು ಸಂಗಡಿಗರು ಹೊನ್ನೆಯ ತೊಗಟೆಯಿಂದ ಬೇರ್ಪಡಿಸಿದ ಎಪಿಕ್ಯಾಟಿಚಿನ್ ಎಂಬ ಅಂಶವನ್ನು ಅಲಾಕ್ಸಾನ್ ಕೊಟ್ಟ ಇಲಿಗಳಿಗೆ ಕೊಟ್ಟು, ಸತ್ತ ಬೀಟಾ ಕೋಶಗಳು ಮರುಹುಟ್ಟು ಪಡೆದವೆಂದು ಇಂಗ್ಲೆಂಡಿನ ಪ್ರಸಿದ್ಧ ವೈದ್ಯಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಮಧುಮೇಹ ಬೇರುಸಹಿತ ಹೋಗುವುದೆಂಬ ಆಸೆ ಜಗತ್ತಿನಾದ್ಯಂತ ಚಿಗುರಿತು. ಆದರೆ ಮುಂದಿನ ನಾಲ್ಕೈದು ವರ್ಷಗಳಲ್ಲಿ ಬೇರೆ ದೇಶಗಳ ಪ್ರಯೋಗಾಲಯಗಳು ಇದೇ ಪ್ರಯೋಗವನ್ನು ಮಾಡಿ ನೋಡಿದಾಗ, ಈಗಾಗಲೇ ರೋಗ ನೆಲೆಸಿದ್ದ ಪ್ರಾಣಿಗಳಲ್ಲಿ ಆ ಫಲ ಕಾಣಲಿಲ್ಲ.

ಏಕೆ ಹೀಗಾಗಬಹುದು? ಎರಡು ಸಾಧ್ಯತೆಗಳನ್ನು ತಜ್ಞರು ಮುಂದಿಡುತ್ತಾರೆ. ಅಲಾಕ್ಸಾನ್ ಕೊಲ್ಲುವುದು ದೇಹದೊಳಗೆ ಹುಟ್ಟಿಸುವ ಉರಿಯುವ ಆಮ್ಲಜನಕದ ಕಣಗಳ ಮೂಲಕ. ಎಪಿಕ್ಯಾಟಿಚಿನ್‌ನಂತಹ ವಸ್ತುಗಳಿಗೆ ಆ ಕಣಗಳನ್ನು ತಣಿಸುವ ಗುಣವಿದೆ. ವಿಷಕ್ಕಿಂತ ಮೊದಲೇ ಅಥವಾ ಜೊತೆಗೇ ಕೊಟ್ಟರೆ ವಿಷ ಕೆಲಸ ಮಾಡದು, ಇಲಿಗೆ ಮಧುಮೇಹ ಬರುವುದೇ ಇಲ್ಲ. ಅದು ಅಲಾಕ್ಸಾನಿಗೆ ಪ್ರತಿವಿಷವಾಯಿತೇ ಹೊರತು ಮಧುಮೇಹಕ್ಕೆ ಔಷಧವಾಗಲಿಲ್ಲ. ಮಧುಮೇಹ ಬಂದವರಾರೂ ಅಲಾಕ್ಸಾನ್ ಕುಡಿದು ರೋಗ ತಂದುಕೊಂಡವರಲ್ಲ. ಎರಡನೆಯದು, ಅಲಾಕ್ಸಾನ್ ಪಡೆದ ಇಲಿಗಳಲ್ಲಿ ಕೆಲವು ಯಾವ ಔಷಧವೂ ಇಲ್ಲದೆ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಆರೇ ಇಲಿಗಳ ಗುಂಪಿನಲ್ಲಿ ಎರಡು ತಾವಾಗಿ ಗುಣವಾದರೂ ಸರಾಸರಿ ತಲೆಕೆಳಗಾಗುತ್ತದೆ. ವಾರಾಣಸಿಯ ವಿಜ್ಞಾನಿಗಳ ಪ್ರಾಮಾಣಿಕತೆಯನ್ನು ಶಂಕಿಸಲು ಕಾರಣವಿಲ್ಲ. ಒಂದು ಪ್ರಯೋಗಾಲಯದ ಫಲ ಇನ್ನೊಂದರಲ್ಲಿ ಮರುಕಳಿಸದಿದ್ದರೆ ಅದನ್ನು ಕೈಬಿಡುವುದು ವಿಜ್ಞಾನದ ನಿತ್ಯದ ವ್ಯವಹಾರ. ಖೇದವೆಂದರೆ ಮೊದಲ ಸುದ್ದಿ ಊರೂರು ಮುಟ್ಟುತ್ತದೆ, ಎರಡನೆಯದು ಗ್ರಂಥಾಲಯದಲ್ಲೇ ಉಳಿಯುತ್ತದೆ.

ಹೊನ್ನೆಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಿಜಯಸಾರವನ್ನು ಹೊಸದಾಗಿ ರೋಗ ಪತ್ತೆಯಾದ ಎರಡನೇ ವಿಧದ ರೋಗಿಗಳಿಗೇ ಕೊಟ್ಟು ಪರೀಕ್ಷಿಸಿ 1998ರಲ್ಲಿ ವರದಿ ಪ್ರಕಟಿಸಿತು. ಹನ್ನೆರಡು ವಾರಗಳಲ್ಲಿ 97 ಜನರ ಪೈಕಿ 67 ಜನರ ಸಕ್ಕರೆ ಹತೋಟಿಗೆ ಬಂದಿತು. ಬಹುಪಾಲು ರೋಗಿಗಳಿಗೆ ದಿನಕ್ಕೆ ಎರಡು ಗ್ರಾಂ ಸಾರ ಸಾಕಾಯಿತು. ಇದು ನಿಜಕ್ಕೂ ಗೌರವಿಸಬೇಕಾದ ಫಲಿತಾಂಶ. ಆದರೆ ಹೋಲಿಕೆಗೆ ಬೇರೊಂದು ಗುಂಪನ್ನು ಇಟ್ಟಿರಲಿಲ್ಲ. ಹೊಸದಾಗಿ ರೋಗ ಗೊತ್ತಾದವರು ಪಥ್ಯ ಹಿಡಿದು ನಡಿಗೆ ಶುರುಮಾಡಿದರೆ ಅಷ್ಟರಿಂದಲೂ ಸಕ್ಕರೆ ಇಳಿಯುವುದುಂಟು. ಇಳಿದದ್ದರಲ್ಲಿ ಹೊನ್ನೆಯ ಪಾಲೆಷ್ಟು, ಪಥ್ಯದ ಪಾಲೆಷ್ಟು ಎಂಬುದು ಬಿಡಿಸಲು ಬರಲಿಲ್ಲ. ಇನ್ನು ಬೀಟಾ ಕೋಶ ಮರುಹುಟ್ಟುವ ಹಳೆಯ ಮಾತಿಗೂ ಈ ಪರೀಕ್ಷೆಗೂ ಸಂಬಂಧವಿಲ್ಲ. ಲೋಟದ ನೀರು ಮತ್ತು ಅಳೆದುಕೊಟ್ಟ ಸಾರ ಒಂದೇ ಅಲ್ಲವೆಂಬುದನ್ನೂ ಮರೆಯಬಾರದು.

ಮಧುನಾಶಿನಿಯ ವಿಷಯವೂ ಬಹುತೇಕ ಇಷ್ಟೇ. 1990ರಲ್ಲಿ ಮದ್ರಾಸಿನಲ್ಲಿ ಇ.ಆರ್.ಬಿ. ಷಣ್ಮುಗಸುಂದರಂ ಮತ್ತು ಸಂಗಡಿಗರು ಸ್ಟ್ರೆಪ್ಟೊಜೊಟೊಸಿನ್ ಇಲಿಗಳಲ್ಲಿ ಒಳ್ಳೆಯ ಫಲ ಕಂಡರು, ರೋಗಿಗಳ ಮೇಲೆಯೂ ಸಣ್ಣ ಅಧ್ಯಯನಗಳನ್ನು ಪ್ರಕಟಿಸಿದರು. ಎಲೆ ಅಗಿದ ಮೇಲೆ ಸಕ್ಕರೆ ಮರಳಿನಂತೆ ಸಪ್ಪಗಾಗುವುದನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು. ಆದರೆ ನಾಲಿಗೆಗೆ ಸಿಹಿ ತಿಳಿಯದಿರುವುದೂ ರಕ್ತದಲ್ಲಿ ಸಕ್ಕರೆ ಇಲ್ಲದಿರುವುದೂ ಬೇರೆ ಬೇರೆ.

ಗೆದ್ದವು, ಸೋತವು

ಇಲಿಯ ಪ್ರಯೋಗ ವ್ಯರ್ಥವೆಂದು ಇದರಿಂದ ಭಾವಿಸಬಾರದು. ಸೇಬಿನ ಗಿಡದ ಬೇರಿನ ತೊಗಟೆಯಿಂದ 1835ರಲ್ಲಿ ದೊರೆತ ಫ್ಲೋರಿಜಿನ್ ಎಂಬ ಕಹಿ ವಸ್ತು ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತದೆಂದು ಮುಂಚೆಯೇ ಗೊತ್ತಿತ್ತು. 1987ರಲ್ಲಿ ಲೂಸಿಯಾನೊ ರೊಸೆಟ್ಟಿ, ರಾಲ್ಫ್ ಡಿಫ್ರಾಂಜೊ ಮತ್ತು ಸಂಗಡಿಗರು ಮೇದೋಜೀರಕದ ಬಹುಪಾಲನ್ನು ತೆಗೆದ ಇಲಿಗಳಿಗೆ ಅದನ್ನು ಕೊಟ್ಟು, ರಕ್ತದ ಸಕ್ಕರೆ ಇಳಿದರೆ ದೇಹ ಇನ್ಸುಲಿನ್‌ಗೆ ಮತ್ತೆ ಸ್ಪಂದಿಸತೊಡಗುತ್ತದೆಂದು ತೋರಿಸಿದರು. ಆ ಎಳೆಯನ್ನು ಹಿಡಿದು ಬಂದ ಗುಳಿಗೆಗಳಲ್ಲಿ ಡಪಾಗ್ಲಿಫ್ಲೋಜಿನ್ ಒಂದು. 2020ರಲ್ಲಿ ಇದರ ಪೇಟೆಂಟ್ ಅವಧಿ ಮುಗಿದ ಮೇಲೆ ದೇಶೀಯ ಕಂಪನಿಗಳು ತಯಾರಿಸತೊಡಗಿ ಬೆಲೆ ಬಹಳ ಇಳಿದಿದೆ. ಇಂದು ತಾಲೂಕು ಊರಿನ ಅಂಗಡಿಯಲ್ಲಿಯೂ ಇದು ಸಿಗುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ ಟ್ರೊಗ್ಲಿಟಜೋನ್ ಎಂಬ ಗುಳಿಗೆ ಪ್ರಾಣಿಗಳಲ್ಲಿ ಸಾಕಷ್ಟು ಒಳ್ಳೆಯದಾಗಿಯೇ ಕಂಡು 1997ರಲ್ಲಿ ಅಮೆರಿಕದ ಪೇಟೆಗೆ ಬಂದಿತು. ಅದನ್ನು ಸೇವಿಸಿದವರಲ್ಲಿ ಕೆಲವರ ಯಕೃತ್ತು ಪೂರ್ಣ ಕೆಟ್ಟು ಸಾವುಗಳು ಸಂಭವಿಸಿದ್ದರಿಂದ 2000ದಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಇಲಿ ಆ ಅಪಾಯವನ್ನು ಮುಂಚಿತವಾಗಿ ಹೇಳಿರಲಿಲ್ಲ. ಪಯೋಗ್ಲಿಟಜೋನ್ ವಿಷಯದಲ್ಲಿ ನಡೆದದ್ದು ಇನ್ನೊಂದು ಬಗೆ. ಗಂಡು ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡವು, ಹೆಣ್ಣು ಇಲಿಗಳಲ್ಲಿ ಇಲ್ಲ, ಚಿಟ್ಟಿಲಿಗಳಲ್ಲಿ ಇಲ್ಲ. ಈ ಶಂಕೆ ಮನುಷ್ಯರ ಅಧ್ಯಯನಗಳಿಗೂ ವ್ಯಾಪಿಸಿ, ನಮ್ಮ ಕೇಂದ್ರ ಸರಕಾರ 2013ರ ಜೂನ್‌ನಲ್ಲಿ ಇದರ ಮಾರಾಟವನ್ನು ತಡೆಹಿಡಿಯಿತು. ಜುಲೈ ತಿಂಗಳಲ್ಲಿಯೇ ಎಚ್ಚರಿಕೆಯ ಬರಹ ಮುದ್ರಿಸಬೇಕೆಂಬ ಷರತ್ತಿನ ಮೇಲೆ ತಡೆ ತೆರವಾಯಿತು. ಅಗ್ಗದ ಗುಳಿಗೆಯಾದ್ದರಿಂದ ಬಡ ರೋಗಿಗಳಿಗೆ ಆ ಒಂದು ತಿಂಗಳು ಸಣ್ಣ ತೊಂದರೆಯೇನೂ ಆಗಿರಲಾರದು ಎನ್ನುವಂತಿಲ್ಲ.

ಪ್ರಮಾಣದ ಲೆಕ್ಕ

ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸುವಾಗ ತೂಕವನ್ನಷ್ಟೇ ನೋಡಿ ಗುಣಿಸುವುದು ತಪ್ಪು. ಸಣ್ಣ ಪ್ರಾಣಿಯ ದೇಹ ಔಷಧವನ್ನು ಬೇಗ ಸುಟ್ಟುಬಿಡುತ್ತದೆ. ಮೈಯ ಹೊರಮೈ ವಿಸ್ತಾರದ ಆಧಾರದಲ್ಲಿ ದೊಡ್ಡ ಇಲಿಯ ಪ್ರಮಾಣವನ್ನು 6.2ರಿಂದಲೂ ಚಿಟ್ಟಿಲಿಯದನ್ನು 12.3ರಿಂದಲೂ ಭಾಗಿಸುವುದು ಅಂಗೀಕೃತ ವಿಧಾನ. ಇಲಿಗೆ ಕಿಲೋಗೆ 400 ಮಿಲಿಗ್ರಾಂ ಎಲೆಯ ಸಾರ ಕೊಟ್ಟು ಗುಣ ಕಂಡರೆಂದು ಇಟ್ಟುಕೊಳ್ಳೋಣ. ಮನುಷ್ಯನಿಗೆ ಅದು ಕಿಲೋಗೆ ಸುಮಾರು 65 ಮಿಲಿಗ್ರಾಂ, 60 ಕಿಲೋ ತೂಕದವರಿಗೆ ದಿನಕ್ಕೆ ಹೆಚ್ಚುಕಡಿಮೆ 3.9 ಗ್ರಾಂ ಸಾರ. ಒಂದು ಕಿಲೋ ಒಣ ಎಲೆಯಿಂದ 100 ಗ್ರಾಂ ಸಾರ ಹೊರಡುವುದಾದರೆ ದಿನಕ್ಕೆ 39 ಗ್ರಾಂ ಎಲೆ ಬೇಕು. ಪೊಟ್ಟಣದ ಮೇಲೆ ಬರೆದಿರುವುದು "ಅರ್ಧ ಚಮಚೆ". ಪ್ರಯೋಗಕ್ಕೂ ಪೊಟ್ಟಣಕ್ಕೂ ಎಷ್ಟು ದೂರವೆಂದು ಓದುಗರೇ ಎಣಿಸಬಹುದು.

ಹಾಗಾದರೆ ಅರ್ಧ ಚಮಚೆಯಿಂದಲೇ ಸಕ್ಕರೆ ಸರ್ರನೆ ಇಳಿದರೆ? ಆಗ ಇನ್ನೂ ಹೆಚ್ಚು ಎಚ್ಚರ ಬೇಕು. ಗಿಡಮೂಲಿಕೆಯೆಂದು ಮಾರುವ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್‌ಗಳಂತಹ ಅಲೋಪಥಿ ಔಷಧಗಳನ್ನು ಗುಟ್ಟಾಗಿ ಬೆರೆಸಿದ್ದು ದೇಶದಲ್ಲಿಯೂ ಹೊರದೇಶಗಳಲ್ಲಿಯೂ ಪತ್ತೆಯಾಗಿದೆ. ವೈದ್ಯರು ಕೊಟ್ಟ ಗುಳಿಗೆಯ ಮೇಲೆ ಇದೂ ಸೇರಿದರೆ, ಮುಖ್ಯವಾಗಿ ವಯಸ್ಸಾದವರಲ್ಲಿ, ನಿದ್ರೆಯಲ್ಲಿಯೇ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ.

ಪ್ರಾಣಿಗಳ ಮೇಲಿನ ಪ್ರಯೋಗ ಮನಬಂದಂತೆ ನಡೆಸುವಂತಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ ಅಡಿಯಲ್ಲಿ ಕೇಂದ್ರದ ಮೇಲ್ವಿಚಾರಣಾ ಸಮಿತಿ ಇದೆ, ಪ್ರತಿ ಸಂಸ್ಥೆಯಲ್ಲಿಯೂ ನೀತಿ ಸಮಿತಿ ಇರಬೇಕು. ಇಲಿ, ಮೊಲಗಳಿಗೆ ಸಂಸ್ಥೆಯ ಸಮಿತಿಯೇ ಒಪ್ಪಿಗೆ ಕೊಡಬಹುದು, ನಾಯಿ, ಮಂಗಗಳಿಗೆ ಕೇಂದ್ರದ ಅನುಮತಿ ಬೇಕು. 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಮನುಷ್ಯನ ಕೋಶಗಳನ್ನು ಬೆಳೆಸಿ ಮಾಡುವ ಪರೀಕ್ಷೆ, ಗಣಕಯಂತ್ರದ ಮಾದರಿ ಮುಂತಾದ ಪ್ರಾಣಿರಹಿತ ವಿಧಾನಗಳಿಗೂ ಅವಕಾಶ ಕಲ್ಪಿಸಲಾಗಿದೆ. ನಾಲ್ಕು ವಾರದ ಅದೇ ಐದು ಗುಂಪಿನ ಪ್ರಯೋಗವನ್ನು ಗಿಡದ ಹೆಸರಷ್ಟೇ ಬದಲಿಸಿ ಮತ್ತೆಮತ್ತೆ ಮಾಡುವುದಕ್ಕೆ ಇನ್ನಾದರೂ ಕಡಿವಾಣ ಬೀಳಬೇಕೆಂಬುದು ಈ ಬರೆಹಗಾರನ ಅಭಿಪ್ರಾಯ. ಪದವಿಗಾಗಿ ಸಾಯುವ ಇಲಿಯಿಂದ ರೋಗಿಗೆ ಏನೂ ದಕ್ಕುವುದಿಲ್ಲ.

ಗೋಕಾಕದಿಂದ ಎರಡು ತಾಸಿನೊಳಗಿನ ದಾರಿಯಲ್ಲಿ, ಬೆಳಗಾವಿಯಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯದೇ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಇದೆ. 2006ರಲ್ಲಿ ಪ್ರಾದೇಶಿಕ ಕೇಂದ್ರವಾಗಿ ಆರಂಭವಾದ ಇದರ ಕಾರ್ಯಕ್ಷೇತ್ರವೇ ಪಶ್ಚಿಮ ಘಟ್ಟದ ಗಿಡಮೂಲಿಕೆಗಳನ್ನು ಇಂದಿನ ವಿಜ್ಞಾನದ ಒರೆಗೆ ಹಚ್ಚುವುದು. ನಾಟಿ ವೈದ್ಯದಲ್ಲಿ ಸತ್ವವಿದೆಯೆಂದು ನಂಬುವವರು ಇಂಥ ಕಡೆಯ ಫಲಿತಾಂಶಗಳಿಗಾಗಿ ಕಾಯುವುದು ಸೂಕ್ತ.

ಅಲ್ಲಿಯವರೆಗೆ, ಪುಡಿ ಸೇವಿಸಲೇಬೇಕೆಂದು ಮನಸ್ಸು ಮಾಡಿದವರು ಆ ಪೊಟ್ಟಣವನ್ನು ಮುಚ್ಚಿಡದೆ ವೈದ್ಯರ ಮುಂದಿಡಬೇಕು. ಖಾಲಿ ಹೊಟ್ಟೆಯ ಸಕ್ಕರೆ 126, ಊಟದ ಬಳಿಕ 200, ಎಚ್‌ಬಿಎ1ಸಿ 6.5 ಎಂಬ ಗೆರೆಗಳನ್ನು ನೆನಪಿಟ್ಟುಕೊಂಡು, ಪುಡಿ ಶುರುಮಾಡುವ ಮೊದಲೊಮ್ಮೆ, ಮೂರು ತಿಂಗಳ ಬಳಿಕ ಒಮ್ಮೆ ಎಚ್‌ಬಿಎ1ಸಿ ಮಾಡಿಸಿ ಚೀಟಿ ಇಟ್ಟುಕೊಳ್ಳಬೇಕು. ಜೊತೆಗೆ ಕ್ರಿಯಾಟಿನಿನ್ ಮತ್ತು ಎಸ್‌ಜಿಪಿಟಿಯನ್ನೂ ನೋಡಿಸಬೇಕು. ಮೂವತ್ತು ವರ್ಷ ದಾಟಿದವರ ಸಕ್ಕರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೋಡುತ್ತಾರೆ. ಒಂದನೇ ವಿಧದ ಮಧುಮೇಹವಿರುವ ಮಕ್ಕಳ ತಂದೆತಾಯಿಗಳಿಗೆ ಮಾತ್ರ ಈ ಯಾವ ಆಯ್ಕೆಯೂ ಇಲ್ಲ. ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಒಂದೇ ದಿನದಲ್ಲಿ, ರಕ್ತ ಆಮ್ಲಮಯವಾಗತೊಡಗುತ್ತದೆ. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಕಂಡರೆ ಪುಡಿಯ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು, ಇನ್ಸುಲಿನ್ ಮತ್ತು ಹಳೆಯ ಚೀಟಿಗಳನ್ನು ಕೈಯಲ್ಲಿ ಹಿಡಿದು, ಆ ಹೊತ್ತಿನಲ್ಲೇ ಹತ್ತಿರದ ದೊಡ್ಡ ದವಾಖಾನೆಗೆ ಹೊರಡಬೇಕು.